ಪರದೆಯಾಚೆಯ ಎರಡು ಗೇರು

ಕಾರಿನಲ್ಲಿ ನನ್ನನ್ನು ಮುಂದಿನ ಸೀಟಿಗೆ ಕೂರಿಸಬಾರದು ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಆದರೆ ಎಲ್ಲರೂ ಪಾಲಿಸುವ ಕಾನೂನು. ವಯಸ್ಸಾದವರಿಗೆ ಮುಂದಿನ ಸೀಟು ಬಿಟ್ಟುಕೊಡುವುದಲ್ಲವೇ ಮರ್ಯಾದೆ ಎಂದು ನೀವು ಕೇಳಬಹುದು. ನಮ್ಮವರು ಮಾತ್ರ ನನ್ನನ್ನು ಹಿಂದೆ ಹತ್ತಿಸಿ, ಅತ್ತಿತ್ತ ದಿಂಬು ಇಟ್ಟು, "ಆಯಿ, ನೀ ಇಲ್ಲೇ ಆರಾಮ್ ಕೂಡು" ಎಂದು ಉಪಚಾರ ಮಾಡುತ್ತಾರೆ. ಎಲ್ಲಾ ನನ್ನ ಬಲಗೈಯ ಭಯ.

ವಿಷಯ ಇಷ್ಟೇ. ಡ್ರೈವರನ ಪಕ್ಕ ಕೂತರೆ ನನ್ನ ಬಲಗೈ ನನ್ನ ಮಾತು ಕೇಳುವುದಿಲ್ಲ. ಊರು ದಾಟುವವರೆಗೆ ತೊಡೆಯ ಮೇಲೆ ಸಭ್ಯವಾಗಿ ಕೂತಿರುತ್ತದೆ. ಗಾಡಿ ವೇಗ ಹಿಡಿದು, ಡ್ರೈವರ್ ಕೊನೆಯ ಗೇರು ಹಾಕಿ ಕೈ ತೆಗೆದನೋ ಇಲ್ಲವೋ, ನನ್ನ ಕೈ ಹೋಗಿ ಗೇರಿನ ಗುಂಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಹಿಡಿದದ್ದು ನನಗೇ ಗೊತ್ತಾಗುವುದಿಲ್ಲ. ಡ್ರೈವರನ ಮುಖ ನೋಡಿದ ಮೇಲೆ ಗೊತ್ತಾಗುತ್ತದೆ. ಒಮ್ಮೆ ಭಾಲ್ಕಿಯ ಮದುವೆಗೆ ಬೀದರಿನಿಂದ ಜೀಪಿನಲ್ಲಿ ಹೊರಟಿದ್ದೆವು. ಹಿಂದೆ ಜಾಗ ಸಾಲದೆ ನನ್ನನ್ನು ಮುಂದೆ ಹಾಕಿದ್ದರು. ಹಲಬರ್ಗಾ ಬರುವಷ್ಟರಲ್ಲಿ ಆ ಡ್ರೈವರ್ ಜೀಪನ್ನು ಬದಿಗೆ ನಿಲ್ಲಿಸಿ ನನಗೆ ಕೈ ಮುಗಿದ. "ಅವ್ವಾರ, ಒಂದು ಕೆಲಸ ಮಾಡ್ರಿ. ನೀವಾ ಈ ಕಡಿ ಬರ್ರಿ, ನಾ ಆ ಕಡಿ ಕೂಡ್ತೇನಿ." ಹಿಂದೆ ಕೂತ ಬೀಗರೆಲ್ಲ ನಕ್ಕದ್ದು ಭಾಲ್ಕಿಯ ತನಕ ನಿಲ್ಲಲಿಲ್ಲ.

ಮೊನ್ನೆ ಮೊಮ್ಮಗಳು ಅನ್ನಪೂರ್ಣ ತನ್ನ ಹೊಸ ಕಾರಿನಲ್ಲಿ ನನ್ನನ್ನು ಕೋಟೆಯ ಕಡೆ ಸುತ್ತಾಡಿಸಲು ಕರೆದುಕೊಂಡು ಹೋದಳು. ಇಬ್ಬರೇ ಇದ್ದೆವಾದ್ದರಿಂದ ಕಾನೂನು ಮುರಿದು ಮುಂದೆಯೇ ಕೂರಿಸಿದಳು. ರಿಂಗ್ ರೋಡಿಗೆ ಬಂದದ್ದೇ ನನ್ನ ಕೈ ತನ್ನ ಕೆಲಸಕ್ಕೆ ಹೋಯಿತು.

"ಆಯಿ, ಅದನ್ನ ಯಾಕ ಹಿಡೀತೀ? ಅದೇನ್ ಓಡಿ ಹೋಗ್ತದೇನು?"

"ಓಡಿ ಹೋಗ್ತಿತ್ತವ್ವಾ," ಎಂದೆ. "ಕೈ ಬಿಟ್ರ ಓಡಿ ಹೋಗ್ತಿತ್ತು."

ಅವಳು ನನ್ನ ಮುಖ ನೋಡಿದಳು. ನಾನು ರಸ್ತೆ ನೋಡು ಎಂದೆ. ಅವಳಿಗೆ ಹೇಳಿದ್ದನ್ನೇ ಈಗ ನಿಮಗೂ ಹೇಳುತ್ತೇನೆ. ಹೇಳುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ, ಮಾತು ಸ್ವಲ್ಪ ಜೋರಾದರೆ ಸಹಿಸಿಕೊಳ್ಳಿ.

ಆಗ ನಾವು ಔರಾದ ತಾಲೂಕಿನ ಸಂತಪುರದಲ್ಲಿದ್ದೆವು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳು. ನಮ್ಮಪ್ಪ ಅಲ್ಲಿನ ಜಾಗೀರದಾರರ ದೇವಡಿಯಲ್ಲಿ ಕಾರಕೂನ. ದೇವಡಿ ಎಂದರೆ ದೊಡ್ಡ ವಾಡೆ, ಅದರ ಹಿಂಗೋಡೆಗೆ ಹೊಂದಿ ನಮ್ಮ ಮನೆ. ಗೋಡೆಯಲ್ಲಿ ಒಂದು ಸಣ್ಣ ಬಾಗಿಲಿತ್ತು. ಗಂಡಸರಿಗೆ ಅದು ಇಲ್ಲವೇ ಇಲ್ಲ. ನಮಗೆ ಹೆಣ್ಣುಮಕ್ಕಳಿಗೆ ಮಾತ್ರ ಅದು ಹಗಲೆಲ್ಲ ತೆರೆದಿರುತ್ತಿತ್ತು. ಉರ್ದು ಸಾಲೆ ಮುಗಿಸಿ, ಮಣ್ಣು ಬಳಿದ ಬರೆಯುವ ಹಲಗೆಯನ್ನು ಮನೆಯಲ್ಲಿ ಎಸೆದು, ನಾನು ನೇರ ಆ ಬಾಗಿಲಿನಿಂದ ದೇವಡಿಯ ಹೆಂಗಸರ ಭಾಗವಾದ ಜನಾನಾಕ್ಕೆ ಓಡುತ್ತಿದ್ದೆ. ಅಲ್ಲಿ ಸಕೀನಾ ಆಪಾ ಇರುತ್ತಿದ್ದರು.

ಆಪಾ ಆ ಮನೆಯ ಸೊಸೆ. ತೌರು ಬೀದರ, ಕೋಟೆಯ ಬಳಿಯ ಮನೆತನ. ಬೀದರಿನ ಹೆಣ್ಣುಮಗಳಾದ್ದರಿಂದ ಕನ್ನಡ ನಮ್ಮಷ್ಟೇ ಚೆಂದ ಆಡುತ್ತಿದ್ದರು, ಸಿಟ್ಟು ಬಂದಾಗ ಮಾತ್ರ ಉರ್ದು. ಗಂಡನನ್ನು ಎಲ್ಲರೂ ಛೋಟೇ ಸಾಬ್ ಎನ್ನುತ್ತಿದ್ದರು. ಬಹಳ ಒಳ್ಳೆಯ ಮನುಷ್ಯ, ಆದರೆ ಮನಸ್ಸಿಗೆ ಬಂದದ್ದನ್ನು ಕೊಂಡು ತಂದು, ತಂದ ಮೇಲೆ ಅದಕ್ಕೆ ಹೆದರುವ ಸ್ವಭಾವ. ಒಮ್ಮೆ ಹೈದರಾಬಾದಿಗೆ ಹೋದವರು ಒಂದು ವಿಲಾಯತಿ ಓಟದ ಕಾರು ತಂದರು.

ಎಂಥ ಕಾರದು! ಹಸಿ ಕಡಲೆಯ ಹಸಿರು ಬಣ್ಣ. ಉದ್ದನೆಯ ಮೂತಿ, ತಂತಿಯ ಗಾಲಿಗಳು, ಬೆನ್ನಿಗೆ ಕಟ್ಟಿಕೊಂಡ ಇನ್ನೊಂದು ಗಾಲಿ, ಮಡಚಿ ಹಿಂದಕ್ಕೆ ಹಾಕುವ ಕ್ಯಾನ್ವಾಸಿನ ಟಪ್ಪು. ಇದ್ದದ್ದು ಎರಡೇ ಸೀಟು. ನಮ್ಮವ್ವ ಅದನ್ನು ಸುತ್ತ ತಿರುಗಿ ನೋಡಿ ಬಂದು, "ಉಳದ ಅರ್ಧ ಯಾವಾಗ ಬರ್ತದಂತ?" ಎಂದು ಅಪ್ಪನನ್ನು ಕೇಳಿದ್ದಳು. ನನಗೆ ಅದರ ವಾಸನೆಯ ಹುಚ್ಚು ಹಿಡಿಯಿತು. ಪೆಟ್ರೋಲು, ಚರ್ಮದ ಸೀಟು, ಬಿಸಿಯಾದ ಎಣ್ಣೆ. ಮಲ್ಲಿಗೆಯ ದಂಡೆ ಮೂಸಿದ ಹಾಗೆ ನಾನು ಅದರ ಮೂತಿಯನ್ನು ಮೂಸುತ್ತಿದ್ದೆ. ಅದರ ಗೇರಿನ ಗುಂಡನ್ನು ಛೋಟೇ ಸಾಬ್ ಬೀದರಿನ ಕುಶಲಕರ್ಮಿಯೊಬ್ಬನಿಂದ ಹೊಸದಾಗಿ ಮಾಡಿಸಿದ್ದರು. ಕಪ್ಪು ಬಿದರಿಯ ಗುಂಡು, ಮೇಲೆ ಬೆಳ್ಳಿಯ ಹೂಬಳ್ಳಿ. ಕೈಗೆ ತಂಪಾಗಿರುತ್ತಿತ್ತು.

ಛೋಟೇ ಸಾಬ್ ಅದನ್ನು ಒಮ್ಮೆ ಓಡಿಸಿದರು. ಊರ ಬಾಗಿಲು ಅಗಸಿಯ ತನಕ ಹೋಗಿ, ನಡೆದುಕೊಂಡು ವಾಪಸು ಬಂದು, ಇನ್ನು ಮುಂದೆ ಕಾರು ಮನೆಯ ಹೆಂಗಸರಿಗಾಗಿ ಎಂದು ಸಾರಿದರು. ಓಡಿಸಲು ನಮ್ಮ ಶರಣಪ್ಪ ಕಾಕಾನನ್ನು ಕರೆಸಿದರು. ಕಾಕಾ ಅಪ್ಪನ ತಮ್ಮ, ಭಾಲ್ಕಿಯ ಹತ್ತಿ ಜಿನ್ನಿನಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದವನು. ಇಂಜಿನ್ ಅಂದಮೇಲೆ ಇಂಜಿನ್, ಅದಕ್ಕೆ ಗಾಲಿ ಇದ್ದರೇನು ಬಿಟ್ಟರೇನು ಎಂಬುದು ಅವನ ಧೈರ್ಯ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆಗೆ ಹಚ್ಚಿಕೊಂಡ ವಿಭೂತಿಯಲ್ಲೇ ಒಂದು ಬೆರಳು ಉಳಿಸಿಕೊಂಡು ಬಂದು ಕಾರಿನ ಮೂತಿಗೂ ಎಳೆಯುತ್ತಿದ್ದ.

ಇಲ್ಲಿಂದ ಶುರುವಾಯಿತು ನೋಡಿ ಗೇರಿನ ರಾಮಾಯಣ.

ಹೆಂಗಸರ ಕಾರು ಎಂದಮೇಲೆ ಪರದೆ ಬೇಕು. ಆಪಾ ಕೂರುವ ಎಡಗಡೆಗೆ ಬದಿಯಲ್ಲಿ ಒಂದು ಪರದೆ, ಮುಂದಿನ ಗಾಜಿಗೆ ಒಂದು ಜಾಲರಿ. ಕಾರು ಓಡಿಸುವವನು ಪರಗಂಡಸಾದ್ದರಿಂದ ಎರಡು ಸೀಟಿನ ನಡುವೆ, ಟಪ್ಪಿನ ಕಂಬಿಯಿಂದ ನೆಲದವರೆಗೆ ಮುಖ್ಯ ಪರದೆ. ದಪ್ಪನೆಯ ನೀಲಿ ಬಟ್ಟೆ. ಮೊದಲ ದಿನ ಕಾರು ಅಂಗಳದಿಂದ ಹೊರಡುವುದನ್ನು ನೋಡಲು ಆಪಾರ ಅತ್ತೆ ದೊಡ್ಡ ಬೇಗಂ ಚಿಲ್ಮನ್ನಿನ ಬಿದಿರ ತೆರೆಯ ಹಿಂದೆ ನಿಂತಿದ್ದರು. ಕಾಕಾ ಇಂಜಿನ್ ಶುರು ಮಾಡಿ ಗೇರು ಹಾಕಿದ. ಪರದೆ ಉಬ್ಬಿತು. ಕಾಕಾನ ಮುಷ್ಟಿ ಪರದೆಯ ಸಮೇತ ಆಪಾರ ಕಡೆಗೆ ನುಗ್ಗಿ, ಮೊಣಕಾಲಿನ ಹತ್ತಿರ ಬಂದು ನಿಂತಿತು.

"ಠೈರೋ!" ದೊಡ್ಡ ಬೇಗಮ್ಮರ ಕೂಗಿಗೆ ಇಂಜಿನ್ ತಾನೇ ನಿಂತುಬಿಟ್ಟಿತು.

ಗೇರಿನ ಲೆಕ್ಕ ಹೀಗೆ. ಎರಡು ಸೀಟಿನ ನಡುವೆ ಕೋಲು. ಎಡಕ್ಕೆ ಸರಿಸಿ ಮುಂದೆ ತಳ್ಳಿದರೆ ಮೊದಲನೆಯ ಗೇರು, ಹಿಂದೆ ಎಳೆದರೆ ಎರಡನೆಯದು. ಬಲಕ್ಕೆ ಸರಿಸಿ ಮುಂದೆ ತಳ್ಳಿದರೆ ಮೂರನೆಯದು, ಹಿಂದೆ ಎಳೆದರೆ ನಾಲ್ಕು. ನಾವೆಲ್ಲ ಎಣಿಕೆ ಕಲಿತದ್ದೇ ಉರ್ದುವಿನಲ್ಲಾದ್ದರಿಂದ ಪಹಲಾ, ದೂಸ್ರಾ, ತೀಸ್ರಾ, ಚೌಥಾ ಎನ್ನುತ್ತಿದ್ದೆವು. ಕಾರು ಮಾಡಿದ ವಿಲಾಯತಿಯವರಿಗೆ ಸಂತಪುರದ ಪರದೆಯ ವಿಚಾರ ಗೊತ್ತಿರಲಿಲ್ಲ. ಪಹಲಾ ಮತ್ತು ದೂಸ್ರಾ ಎರಡೂ ಜನಾನಾದೊಳಗೆ ಬಿದ್ದಿದ್ದವು.

ಅಂಗಳದಲ್ಲಿ ಪಂಚಾಯತಿ ಕೂತಿತು. ಪರದೆಯನ್ನೇ ಎಡಕ್ಕೆ ಸರಿಸೋಣ ಎಂದರು ಅಪ್ಪ. ಸರಿಸಿದರೆ ಆಪಾ ಬಾಗಿಲಿನ ಹೊರಗೆ ಕೂರಬೇಕಾಗುತ್ತಿತ್ತು. ನೇರ ತೀಸ್ರಾದಿಂದಲೇ ಹೊರಡೋಣ ಎಂದರು ಛೋಟೇ ಸಾಬ್. ಕಾರು ಮುದುಕನ ಹಾಗೆ ಕೆಮ್ಮಿ ನಿಂತಿತು. ಕೊನೆಗೆ ಕಾಕಾ, "ಕೋಲು ಬಗ್ಗಸ್ಕೊಂಡ್ ಬರ್ತೇನ್ರಿ" ಎಂದು ಕಾರನ್ನು ಭಾಲ್ಕಿಗೆ ಒಯ್ದು, ಜಿನ್ನಿನ ಕುಲುಮೆಯಲ್ಲಿ ಗೇರಿನ ಕೋಲನ್ನು ಕಾಯಿಸಿ ಬಲಕ್ಕೆ ಬಗ್ಗಿಸಿಕೊಂಡು ಬಂದ. ಈಗ ಪಹಲಾ ಹಾಕಿದರೂ ಗುಂಡು ಪರದೆ ಮುಟ್ಟುತ್ತಿರಲಿಲ್ಲ. ಆದರೆ ತೀಸ್ರಾ ಹಾಕಬೇಕೆಂದರೆ ಅವನ ಎಡ ಮೊಣಕಾಲು ಅಡ್ಡ. ಮೊಣಕಾಲು ಎತ್ತಿದರೆ ಕ್ಲಚ್ ಬಿಟ್ಟುಹೋಗುತ್ತಿತ್ತು. ಮತ್ತೆ ಭಾಲ್ಕಿಗೆ ಹೋದ, ಎಡಕ್ಕೆ ಬಗ್ಗಿಸಿದ. ಮತ್ತೆ ಪರದೆ ಉಬ್ಬಿತು. ಹೀಗೆ ಆ ಕೋಲನ್ನು ಬಲಕ್ಕೂ ಎಡಕ್ಕೂ ಬಗ್ಗಿಸಿ ಬಗ್ಗಿಸಿ, ಕಡೆಗೆ ಅದು ಹೆಚ್ಚುಕಡಿಮೆ ಮೊದಲಿದ್ದ ಹಾಗೆಯೇ ಆಯಿತು, ಒಂದು ಹೊಸ ರೋಗ ಮಾತ್ರ ಸೇರಿಕೊಂಡಿತು. ಚೌಥಾ ಹಾಕಿದರೆ ಕೋಲು ಪೂರ್ತಿ ಹಿಂದೆ ಹೋಗದೆ ಸೀಟಿನ ಕಟ್ಟಿಗೆ ತಾಗಿ ನಿಲ್ಲುತ್ತಿತ್ತು. ಗೇರು ಅರ್ಧವೇ ಕಚ್ಚುತ್ತಿತ್ತು. ಕೈಯಿಂದ ಒತ್ತಿ ಹಿಡಿದರೆ ಇರುತ್ತಿತ್ತು, ಬಿಟ್ಟರೆ ಟಕ್ಕೆಂದು ಹಾರಿಬಂದು ಇಂಜಿನ್ ಬೊಬ್ಬೆಯಿಡುತ್ತಿತ್ತು, ಕಾರು ನಿಧಾನವಾಗುತ್ತಿತ್ತು.

ದಾರಿ ತೋರಿಸಿದವರು ದೊಡ್ಡ ಬೇಗಮ್ಮರೇ. ಹುಕ್ಕಾ ಬದಿಗಿಟ್ಟು ಒಂದೇ ಮಾತು ಹೇಳಿದರು. "ಪರದೆದಾಗ ಇರೋದು ಪರದೆದವ್ರ ಹಾಕ್ಲಿ. ಹೊರಗಿಂದು ಹೊರಗಿನವ ಹಾಕ್ಲಿ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಆಪಾರ ಕಣ್ಣು ಮಾತ್ರ ಫಳ್ಳನೆ ಹೊಳೆಯಿತು. ಪಹಲಾ, ದೂಸ್ರಾ ಆಪಾರ ಪಾಲಿಗೆ ಬಂದವು, ತೀಸ್ರಾ, ಚೌಥಾ ಕಾಕಾನ ಪಾಲಿಗೆ ಹೋದವು. ಪರದೆಯಲ್ಲಿ ಕೋಲಿನ ಎತ್ತರಕ್ಕೆ ಒಂದು ಸೀಳು ಬಿಟ್ಟು, ಸೀಳಿಗೆ ಜರಿಯ ಅಂಚು ಹೊಲಿದರು.

ಹೀಗೆ ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಸೇರಿ ಒಂದು ಕಾರು ಓಡಿಸತೊಡಗಿದರು. ಆಪಾರ ಜೊತೆಗೆಂದು ನನ್ನನ್ನೂ ಅದೇ ಸೀಟಿನಲ್ಲಿ ಬಾಗಿಲಿನ ಬದಿಗೆ ತುರುಕುತ್ತಿದ್ದರು. ನಾನು ಸಣಕಲಿ, ಹಿಡಿಸುತ್ತಿದ್ದೆ. ಮೊದಮೊದಲು ಕಾಕಾ "ಪಹಲಾ ಹಾಕ್ರಿ ಹುಜೂರ್", "ದೂಸ್ರಾ ಹಾಕ್ರಿ ಹುಜೂರ್" ಎಂದು ಕೂಗುತ್ತಿದ್ದ. ಬರಬರುತ್ತ ಆಪಾರಿಗೆ ಇಂಜಿನ್ನಿನ ಸದ್ದಿನಿಂದಲೇ ತಿಳಿಯತೊಡಗಿತು. ಕಾಕಾ ಕ್ಲಚ್ ಒತ್ತುವ ಮೊದಲೇ ಎಳೆದುಬಿಡುತ್ತಿದ್ದರು. ಗೇರು ಕರಕರ ಹಲ್ಲು ಕಡಿಯುತ್ತಿತ್ತು. "ಮಾದೇವಿ, ಹುಜೂರ್‌ಗ ಹೇಳು, ಗಡಿಬಿಡಿ ಬ್ಯಾಡ್ರಿ ಅಂತ" ಎಂದು ಕಾಕಾ ನನ್ನ ಮೂಲಕ ದೂರು ಕೊಡುತ್ತಿದ್ದ. "ಮಾದೇವಿ, ನಿಮ್ಮ ಕಾಕಾಗ ಹೇಳು, ನಿದ್ದಿ ಮಾಡಬ್ಯಾಡ್ರಿ ಅಂತ" ಎಂದು ಆಪಾ ತಿರುಗಿ ಕಳಿಸುತ್ತಿದ್ದರು. ಇಬ್ಬರ ನಡುವೆ ಇದ್ದದ್ದು ಒಂದು ಬಟ್ಟೆ, ಆದರೂ ಮಾತು ನನ್ನನ್ನು ಸುತ್ತಿಯೇ ಹೋಗಬೇಕು. ಕಡೆಗೆ ಒಂದು ಒಪ್ಪಂದವಾಯಿತು. ಕಾಕಾ ಕ್ಲಚ್ ಒತ್ತಿ ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಆಪಾ ಗೇರು ಎಳೆಯುತ್ತಿದ್ದರು. ನಮ್ಮ ಕಾಕಾ ಆಮೇಲೆ ಸಾಯುವ ತನಕ ಎಲ್ಲಿ ಯಾವ ಗಾಡಿ ಓಡಿಸಿದರೂ ಗೇರು ಬದಲಿಸುವ ಮುಂಚೆ ಒಮ್ಮೆ "ಹ್ಞೂಂ ಹ್ಞೂಂ" ಎಂದು ಕೆಮ್ಮುತ್ತಿದ್ದ. ನೋಡಿ, ಚಟ ನನಗೊಬ್ಬಳಿಗೇ ಅಂಟಿದ್ದಲ್ಲ.

ಆಮೇಲೆ ಕೆಟ್ಟ ದಿನಗಳು ಬಂದವು. ಮೊದಲು ಒಂದು ಓಣಿಯವರು ಹೆದರಿ ಬಾಗಿಲು ಹಾಕಿಕೊಂಡರು, ಪೋಲೀಸ್ ಕಾರ್ಯಾಚರಣೆ ಆದಮೇಲೆ ಇನ್ನೊಂದು ಓಣಿಯವರು. ನಾನು ನೋಡಿದ್ದನ್ನೆಲ್ಲ ಇಲ್ಲಿ ಹೇಳಲಾರೆ, ಹೇಳಲು ಮನಸ್ಸೂ ಇಲ್ಲ. ಕಾರನ್ನು ದನದ ಕೊಟ್ಟಿಗೆಗೆ ತಳ್ಳಿ ಮೇಲೆ ಜೋಳದ ಕಣಕಿಯ ಸಿವುಡು ಒಟ್ಟಿದರು. ಆಗ ಆಪಾ ತುಂಬು ಬಸುರಿ. ಚೊಚ್ಚಲ ಹೆರಿಗೆಗೆ ತೌರಿಗೆ ಹೋಗಬೇಕಾದವರು. ಬೀದರಿನಲ್ಲಿ ಅವರ ತಾಯಿ ಅಮ್ಮೀಜಾನ್ ತೊಟ್ಟಿಲಿಗೆ ಬಣ್ಣ ಬಳಿಸಿ, ಕುಲಾಯಿ ಹೊಲಿದು ಇಟ್ಟುಕೊಂಡು ಕಾಯುತ್ತಿದ್ದರು. ದಾರಿಗಳೇ ಬಂದ್ ಆಗಿದ್ದವು, ಹೋಗುವುದೆಲ್ಲಿ? ಕೂಸು ಸಂತಪುರದಲ್ಲೇ ಹುಟ್ಟಿತು. ಸಣ್ಣ ಬಾಗಿಲಿನಿಂದ ನಮ್ಮವ್ವ ಬಾಣಂತನಕ್ಕೆ ಹೋಗಿಬರುತ್ತಿದ್ದಳು. ಗಂಡು ಕೂಸು, ತಲೆತುಂಬ ಕೂದಲು. ಮುನ್ನಾ ಎನ್ನುತ್ತಿದ್ದೆವು.

ಅಮ್ಮೀಜಾನ್ ಆ ಕೂಸಿನ ಮುಖ ನೋಡಿರಲಿಲ್ಲ. ಇವತ್ತು ನಾಳೆ ಎನ್ನುತ್ತ ಚಳಿಗಾಲ ಕಳೆಯಿತು. ಛೋಟೇ ಸಾಬ್ ಜಾಗೀರಿನ ವಿಚಾರಕ್ಕೆ ಹೈದರಾಬಾದಿಗೆ ಹೋದವರು ಅಲ್ಲೇ ಉಳಿದರು. ಹೊಲದಲ್ಲಿ ಜೋಳದ ರಾಶಿ ನಡೆದಿದ್ದಾಗ ಒಂದು ಸಂಜೆ ಬೀದರಿನಿಂದ ಕುದುರೆಯ ಮೇಲೆ ಆಳು ಬಂದ. ಆಪಾರ ಅಣ್ಣ ಮನೆಮಂದಿಯನ್ನೆಲ್ಲ ಕರೆದುಕೊಂಡು ಊರು ಬಿಡುತ್ತಿದ್ದಾರೆ, ಮರುದಿನ ಬೆಳಗಿನ ರೈಲು, ಹೈದರಾಬಾದಿನಿಂದ ಮುಂಬೈ, ಅಲ್ಲಿಂದ ಹಡಗಿನಲ್ಲಿ ಕರಾಚಿ. ಅಮ್ಮೀಜಾನ್ ಬರಲಾರೆನೆಂದು ಅತ್ತರಂತೆ, ಮಗ ಬಿಟ್ಟುಹೋಗಲಾರೆನೆಂದನಂತೆ.

ಆಪಾ ಅಳಲಿಲ್ಲ. ಸಣ್ಣ ಬಾಗಿಲಿನಿಂದ ತಾವೇ ನಮ್ಮ ಮನೆಗೆ ಬಂದರು, ಮೊದಲ ಸಲ. ಅಪ್ಪ, ಕಾಕಾ ಗಡಬಡಿಸಿ ಗೋಡೆಯ ಕಡೆ ಮುಖ ಮಾಡಿದರು. ಆಪಾ ಅವರ ಬೆನ್ನಿಗೇ ಹೇಳಿದರು. "ಶರಣಪ್ಪಾ, ಕಾರ ತಗೀರಿ. ನಮ್ಮ ಅಮ್ಮಿ ಹೋಗೋ ಮೊದಲ ಮುನ್ನಾನ ಮಾರಿ ನೋಡಬೇಕು. ಒಮ್ಮೆ ನೋಡಿದ್ರ ಸಾಕು."

"ತಗೀತೇನ್ರಿ ಹುಜೂರ್," ಎಂದ ಕಾಕಾ ಗೋಡೆಗೆ.

ಬೆಳಕು ಹರಿಯುತ್ತಲೇ ಕಣಕಿ ಸರಿಸಿದರು. ಇಂಜಿನ್ ಬಹಳ ಹೊತ್ತು ಸತಾಯಿಸಿ, ನಾವೆಲ್ಲ ದೇವರನ್ನು ನೆನೆದು ಮುಗಿಸಿದ ಮೇಲೆ ಶುರುವಾಯಿತು. ದೊಡ್ಡ ಬೇಗಂ ಪರದೆಯನ್ನು ತಾವೇ ಎಳೆದು ನೋಡಿ, "ಸಂಭಾಳಿಸ್ಕೊಂಡು ಹೋಗು" ಎಂದರು. ಮುನ್ನಾನನ್ನು ಎತ್ತಿಕೊಂಡು ನಾನು ಬಾಗಿಲ ಬದಿಗೆ ಕೂತೆ, ಆಪಾ ಪರದೆಯ ಬದಿಗೆ. ಕಾಕಾ ಗಂಟಲು ಸರಿಮಾಡಿಕೊಂಡ. ಆಪಾ ಪಹಲಾ ತಳ್ಳಿದರು. ಅಯ್ಯೋ, ಆ ಹೊರಡುವ ಜಗ್ಗಾಟ! ಹೊಟ್ಟೆ ಒಂದು ಕ್ಷಣ ಸಂತಪುರದಲ್ಲೇ ಉಳಿದು ಆಮೇಲೆ ಓಡಿ ಬಂದು ಸೇರಿಕೊಂಡಿತು.

ಮಾಂಜ್ರಾ ಹೊಳೆಯ ತನಕ ದಾರಿ ಕಾಕಾನದು. ಬಯಲು ನೆಲ, ಒಂದು ಕೈ ಚಕ್ರದ ಮೇಲೆ, ಒಂದು ಕೈ ಚೌಥಾವನ್ನು ಅದುಮಿ. ಬೀದಿಯ ನಾಯಿಗಳು ಬೆನ್ನಟ್ಟಿ ಸೋತವು. ಮುನ್ನಾ ಕೇಕೆ ಹಾಕಿ ನಗುತ್ತಿದ್ದ, ಅವನ ಜೊತೆ ನಾನೂ.

ಆಗ ನಮ್ಮ ದಾರಿಗೆ ಸೇತುವೆ ಇರಲಿಲ್ಲ. ಬೇಸಿಗೆ ಹತ್ತಿರ ಬಂದರೆ ಬಂಡಿಗಳು ಮರಳಿನಲ್ಲಿ ಇಳಿದು, ಮೊಣಕಾಲುದ್ದದ ನೀರು ದಾಟಿ ಆಚೆ ದಂಡೆ ಹತ್ತುತ್ತಿದ್ದವು. ಮರಳಿಗೆ ಇಳಿದದ್ದೇ ದಾರಿ ಆಪಾರದಾಯಿತು. ಪಹಲಾ, ದೂಸ್ರಾ, ಮತ್ತೆ ಪಹಲಾ. ನೀರು ಚಿಮ್ಮಿ ಪರದೆ ತೊಯ್ದು ತೊಪ್ಪೆಯಾಯಿತು. ತೊಯ್ದ ಬಟ್ಟೆ ಕೋಲಿಗೆ ಸುತ್ತಿಕೊಂಡು, ಆಪಾ ದೂಸ್ರಾಕ್ಕೆ ಎಳೆದಾಗ ಅಂಚಿನ ಜರಿಯ ಸಮೇತ ಗೇರಿನ ಬಾಯಿಗೆ ಸಿಕ್ಕಿಬಿಟ್ಟಿತು. ಕೋಲು ಅತ್ತಲೂ ಬರದು, ಇತ್ತಲೂ ಬರದು. ಕಾರು ಹೊಳೆಯ ನಡುವೆ ನಿಂತು ಗುರುಗುಟ್ಟತೊಡಗಿತು. ಗಾಲಿಯ ಕೆಳಗಿನ ಮರಳು ಜಾರುತ್ತಿರುವುದು ನನ್ನ ಪಾದಕ್ಕೇ ತಿಳಿಯುತ್ತಿತ್ತು.

"ಮಾದೇವಿ, ಹುಜೂರ್‌ಗ ಹೇಳು, ಜಲ್ದಿ ಬಿಡಸ್ರಿ ಅಂತ. ಗಾಲಿ ಹೂತ್ರ ಎತ್ತ ತರಬೇಕಾಗ್ತದ, ಅಷ್ಟರಾಗ ರೈಲು ಹೋಗ್ತದ!"

ಆಪಾ ಜಗ್ಗಿದರು. ಬಿಡಲಿಲ್ಲ. ಒಮ್ಮೆ ಮುನ್ನಾನನ್ನು ನೋಡಿದರು. ಆಮೇಲೆ ಎರಡೂ ಕೈಯಿಂದ ಪರದೆಯನ್ನು ಮೇಲಿನಿಂದ ಹಿಡಿದು ಸರ್ರೆಂದು ಹರಿದರು. ಕಂಬಿಯ ಕುಣಿಕೆಗಳು ಒಂದೊಂದೇ ಕಿತ್ತುಬಂದವು. ಸಿಕ್ಕಿದ ತುಂಡನ್ನು ಹಲ್ಲಿನಿಂದ ಕಚ್ಚಿ ಎಳೆದು ತೆಗೆದರು. ನಮ್ಮ ಮೂವರ ನಡುವೆ ಈಗ ಏನೂ ಇರಲಿಲ್ಲ. ನಾನು ಕಾಕಾನನ್ನು ನೋಡಿದೆ. ಕಾಕಾ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದ.

"ಕಾಕಾ, ಕಣ್ಣ ತಗಿ! ಹೊಳಿ ಅದ!"

"ಹ್ಯಾಂಗ ತಗೀಲಿ? ಪರದೆ ಇಲ್ಲಲಾ!"

ಆಗ ಆಪಾ ಕಾರಿನಲ್ಲಿ ಮೊದಲ ಬಾರಿಗೆ ನನ್ನನ್ನು ಸುತ್ತಿಹಾಕದೆ ನೇರವಾಗಿ ಮಾತಾಡಿದರು. "ಅಣ್ಣಾ, ನೀವ್ ರಸ್ತೆ ನೋಡ್ರಿ. ನಾ ಗೇರ ನೋಡ್ತೇನಿ. ಯಾರೂ ಯಾರ್ ಮಾರಿನೂ ನೋಡೋದು ಬ್ಯಾಡ."

ಕಾಕಾ ಕಣ್ಣು ತೆರೆದ. ಕತ್ತನ್ನು ಮಾತ್ರ ಗೂಟ ಹೊಡೆದ ಹಾಗೆ ಮುಂದಕ್ಕೇ ಬಿಗಿದುಕೊಂಡ. ಗಂಟಲು ಸರಿಮಾಡಿಕೊಂಡ. ಆಪಾ ಪಹಲಾ ತಳ್ಳಿದರು. ಕಾರು ಮರಳನ್ನು ಹಿಂದೆ ಉಗುಳುತ್ತ ದಂಡೆ ಹತ್ತಿತು. ನಾನು ಕಿರುಚಿದ್ದೇ ಕಿರುಚಿದ್ದು, ಸಂತೋಷವೋ ಭಯವೋ ಈಗಲೂ ಹೇಳಲಾರೆ.

ಆಮೇಲೆ ಬೀದರಿನ ಏರು. ಏರೆಂದರೆ ದೂಸ್ರಾ, ದೂಸ್ರಾ ಎಂದರೆ ಆಪಾ. ಬಿಸಿಲು ಏರಿತ್ತು, ಜಾಲರಿಯಿಂದ ದಾರಿ ಕಾಣುವುದಿಲ್ಲವೆಂದು ಆಪಾ ಅದನ್ನೂ ಕಿತ್ತು ಕಾಲಡಿ ಹಾಕಿದರು. ಬದಿಯ ಪರದೆ ಗಾಳಿಗೆ ಪಟಪಟನೆ ಬಡಿದು ಮುನ್ನಾನ ಕೆನ್ನೆಗೆ ಹೊಡೆಯಿತು, 'ನಡಿ ಆಚಿ' ಎಂದು ಅದನ್ನೂ ಕಿತ್ತರು. ಕಂಬಿ ಸಡಿಲಾಗಿ ಟಪ್ಪು ಆಗಲೇ ಹಿಂದಕ್ಕೆ ಮಡಚಿಕೊಂಡು ಬಿದ್ದಿತ್ತು. ಊರಿನೊಳಗೆ ಬಂದಾಗ ಆಪಾರ ತಲೆಯ ಮೇಲೆ ದುಪಟ್ಟಾ ಒಂದೇ ಉಳಿದದ್ದು, ಅದೂ ಗಾಳಿಯ ಮರ್ಜಿಯಲ್ಲಿ. ಅಂಗಡಿಯವರು ತಕ್ಕಡಿ ಹಿಡಿದುಕೊಂಡೇ ನಿಂತು ನೋಡಿದರು.

ಸ್ಟೇಶನ್ ತಿರುವಿಗೆ ಬಂದಾಗ ಸೀಟಿ ಕೇಳಿಸಿತು. ಪ್ಲಾಟ್‌ಫಾರಂ ಕಾಣುವಷ್ಟರಲ್ಲಿ ಕಡೆಯ ಡಬ್ಬಿ ಅದನ್ನು ದಾಟುತ್ತಿತ್ತು. ಕಾಕಾ ಬ್ರೇಕು ಒತ್ತಿದ. "ಹೋತ್ರಿ ಹುಜೂರ್," ಎಂದ.

"ಎಲ್ಲಿ ಹೋತು? ಅಲ್ಲೇ ಅದಲಾ! ನಡೀರಿ ಅಣ್ಣಾ, ನಡೀರಿ!"

ಹಳಿಯ ಎಡಕ್ಕೇ ಹೊಂದಿಕೊಂಡು ಒಂದು ಬಂಡಿ ದಾರಿ ಇತ್ತು. ಕಾಕಾ ಕಾರನ್ನು ಅದಕ್ಕೆ ನುಗ್ಗಿಸಿದ. ಕಲ್ಲು, ಗುಂಡಿ, ಜಾಲಿಯ ಕಂಟಿ. ಚಕ್ರ ಅವನ ಕೈಯಿಂದ ಕಿತ್ತುಕೊಂಡು ಹೋಗುವ ಹಾಗೆ ಕುಣಿಯುತ್ತಿತ್ತು, ಎರಡೂ ಕೈ ಬೇಕೇ ಬೇಕು. "ಹ್ಞೂಂ!" ಪಹಲಾ. "ಹ್ಞೂಂ!" ದೂಸ್ರಾ. ಮೂರನೆಯ ಕೆಮ್ಮಿಗೆ ಅವನ ಕೈ ಚಕ್ರ ಬಿಡಲಿಲ್ಲ, ಬಿಡಲು ಆಗಲಿಲ್ಲ. ಆಪಾ ಕೋಲನ್ನು ಬಲಕ್ಕೆ ಸರಿಸಿದರು. ಅಷ್ಟು ದಿನ ಕಾಕಾನದಾಗಿದ್ದ ಸೀಮೆಗೆ ಅವರ ಕೈ ಹೋಯಿತು. ತೀಸ್ರಾ. ಕಾರು ರೈಲಿನ ಬಾಲ ಮುಟ್ಟಿತು. ಇನ್ನೊಂದು ಕೆಮ್ಮು. ಹಿಂದಕ್ಕೆಳೆದರು. ಚೌಥಾ! ಕಾರು ಹಾರಿತು. ಕೋಲು ತಪ್ಪಿಸಿಕೊಳ್ಳಲು ಒದ್ದಾಡುತ್ತಿತ್ತು, ಆಪಾ ಮೈಭಾರವನ್ನೆಲ್ಲ ಅದರ ಮೇಲೆ ಹಾಕಿ ಅದುಮಿದ್ದರು.

ಡಬ್ಬಿಗಳು ಒಂದೊಂದಾಗಿ ನಮ್ಮ ಹಿಂದೆ ಸರಿದವು. ಹೆಂಗಸರ ಡಬ್ಬಿಗೆ ಬಂದೆವು. ಅದರ ಕಟ್ಟಿಗೆಯ ಕಿಟಕಿಗಳೆಲ್ಲ ಇಳಿಬಿಟ್ಟಿದ್ದವು. ಪರದೆ! ನಮ್ಮದು ಹರಿದು ಬಂದೆವು, ಅಲ್ಲಿ ಇನ್ನೊಂದು ಕಾದಿತ್ತು. ಕಾಕಾ ಒಂದು ಕೈ ಬಿಟ್ಟು ಬದಿಯ ಹಾರ್ನಿನ ರಬ್ಬರಿನ ಗುಂಡು ಹಿಚುಕಿದ. ಪೋಂ ಪೋಂ ಪೋಂ. ಆಪಾರನ್ನು ತೌರಿಗೆ ಕರೆದುಕೊಂಡು ಹೋದಾಗಲೆಲ್ಲ ಅವರ ಮನೆಯ ಬಾಗಿಲಲ್ಲಿ ಕೂಗುತ್ತಿದ್ದ ಹಾರ್ನು ಅದು. ಆ ಮನೆಯವರು ಅದನ್ನು ಮರೆಯುವುದುಂಟೇ? ನಡುವಿನ ಒಂದು ಕಿಟಕಿ ಧಡಕ್ಕನೆ ಮೇಲೆ ಹೋಯಿತು.

"ಅಮ್ಮೀ!" ಎಂದು ಆಪಾ ಕೂಗಿದರು. ಕೂಗಿ ನನ್ನ ಕಡೆ ತಿರುಗಿದರು. "ಮಾದೇವಿ, ಕೂಸು ನಂಗ ಕೊಡು. ನೀ ಇದನ್ನ ಹಿಡಿ. ಬಿಡಬ್ಯಾಡ!"

ಕೂಸು ಅತ್ತ ಹೋಯಿತು, ನನ್ನ ಬಲಗೈ ಇತ್ತ ಬಂತು. ಆಪಾ ಎದ್ದು ನಿಂತರು. ಅವರ ಕಾಲುಗಳ ಹಿಂದಿನಿಂದ ಬಾಗಿ, ಸೀಟಿಗೆ ಕೆನ್ನೆ ಒತ್ತಿ, ನಾನು ಆ ಬಿದರಿಯ ಗುಂಡನ್ನು ಹಿಡಿದೆ. ಎಷ್ಟು ಬಿಸಿಯಾಗಿತ್ತು! ನಡುಗುತ್ತಿತ್ತು. ಕೈ ಸ್ವಲ್ಪ ಸಡಿಲಿಸಿದರೆ ಹಾರುವುದಕ್ಕೆ ಕಾದಿತ್ತು. ಹಾರಿದರೆ ಕಾರು ಹಿಂದೆ ಬೀಳುತ್ತದೆ, ಕಿಟಕಿ ಮುಂದೆ ಹೋಗುತ್ತದೆ, ಅಷ್ಟೇ ಗೊತ್ತು ನನಗೆ. ನಾನು ಬಿಡಲಿಲ್ಲ.

ಮೇಲೆ ಏನಾಯಿತೋ ನಾನು ನೋಡಿಲ್ಲ. ನೋಡಿದವರು ಹೇಳಿದ್ದು ಕೇಳಿ. ಆಪಾ ಎರಡೂ ಕೈಯಲ್ಲಿ ಮುನ್ನಾನನ್ನು ತಲೆಯ ಮೇಲೆತ್ತಿ ಹಿಡಿದರಂತೆ. ಕಿಟಕಿಯಿಂದ ಅಮ್ಮೀಜಾನ್ ಎದೆಯ ತನಕ ಹೊರಗೆ ಬಾಗಿದರಂತೆ, ಒಳಗಿನಿಂದ ಯಾರೋ ಅವರ ಸೊಂಟ ಹಿಡಿದಿದ್ದರಂತೆ. ಕೈಗೆ ಕೂಸು ನಿಲುಕಲಿಲ್ಲ. ದೂರದಿಂದಲೇ ಎರಡೂ ಅಂಗೈಯಲ್ಲಿ ಗಾಳಿಯನ್ನು ಬಳಿದು ತಮ್ಮ ಕೆನ್ನೆಗೆ ಒತ್ತಿಕೊಂಡು ನೆಟಿಗೆ ಮುರಿದರಂತೆ, ಮೊಮ್ಮಗನ ದೃಷ್ಟಿಯೆಲ್ಲ ತಮಗೇ ತಗಲಲಿ ಎಂದು. ಬಂಡಿ ದಾರಿ ಒಂದು ಹಳ್ಳದಲ್ಲಿ ಮುಗಿಯುವ ತನಕ ಮುರಿಯುತ್ತಲೇ ಇದ್ದರಂತೆ.

ಇದನ್ನೆಲ್ಲ ನನಗೆ ಹೇಳಿದವನು ಕಾಕಾ. "ನಾ ಏನೂ ನೋಡಿಲ್ಲಪಾ, ನಾ ರಸ್ತೆ ನೋಡ್ಲಾಕತ್ತಿದ್ದೆ" ಎಂದು ಕೊನೆಯವರೆಗೂ ಆಣೆ ಮಾಡುತ್ತಿದ್ದ. ಆದರೆ ಆ ತಾಯಿಯ ಬೆರಳಿನ ನೆಟಿಗೆಯನ್ನು ತನ್ನ ಕೈಯಲ್ಲಿ ಮಾಡಿ ತೋರಿಸುವಾಗ ಅವನ ಕಣ್ಣು ಪ್ರತಿ ಸಲ ತುಂಬುತ್ತಿತ್ತು.

ರೈಲು ಹೋದ ಮೇಲೆ ಹಳ್ಳದ ದಂಡೆಯಲ್ಲಿ ಕಾರು ನಿಂತಿತು. ಕಾಕಾ ಇಂಜಿನ್ ಆರಿಸಿದ. ಆಪಾ ಕೂಸನ್ನು ಎದೆಗೆ ಒತ್ತಿಕೊಂಡು ಅಳುತ್ತಲೂ ನಗುತ್ತಲೂ, "ನೋಡಿದ್ಲು, ಅಮ್ಮಿ ನೋಡಿದ್ಲು" ಎನ್ನುತ್ತಿದ್ದರು. ಆಮೇಲೆ ಕೆಳಗೆ ನೋಡಿ ನನ್ನ ಭುಜ ಮುಟ್ಟಿದರು.

"ಮಾದೇವಿ, ಗಾಡಿ ನಿಂತದ. ಕೈ ತಗೀ ಇನ್ನ."

ತೆಗೆಯಲು ನೋಡಿದೆ. ಬೆರಳು ಬಿಚ್ಚಲಿಲ್ಲ. ಆಪಾ ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ನನ್ನ ಅಂಗೈ ಮೇಲೆ ಬಿದರಿಯ ಹೂಬಳ್ಳಿ ಅಚ್ಚೊತ್ತಿತ್ತು.

ಮೊನ್ನೆ ಇದಿಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಕೋಟೆಯ ಬಾಗಿಲು ಬಂದಿತ್ತು. ವಾಪಸು ಬರುವಾಗ ರಸ್ತೆ ಖಾಲಿಯಿತ್ತು. ಅನ್ನಪೂರ್ಣ ಕೊನೆಯ ಗೇರು ಹಾಕಿ ತನ್ನ ಕೈ ತೆಗೆದು ನನ್ನ ಕಡೆ ನೋಡಿದಳು.

"ಹಿಡಿ ಆಯಿ," ಎಂದಳು.